ಬಯಲು ರಂಗಮಂದಿರದ ಸಂಗೀತ ಕಾರ್ಯಕ್ರಮಕ್ಕೆ ಹೋಗುವವರು ಮೊದಲು ಗೇಟು ನೋಡಿಕೊಳ್ಳಿ

ಬಯಲು ರಂಗಮಂದಿರವೊಂದರಲ್ಲಿ ಕಾರ್ಯಕ್ರಮ ಅರ್ಧಕ್ಕೇ ನಿಂತ ರಾತ್ರಿ ಆದದ್ದು ಇಷ್ಟು. ದಪ್ಪ ಹನಿ ಬಿದ್ದ ಕೂಡಲೇ ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಒಟ್ಟಿಗೆ ಎದ್ದರು, ಬಂದ ಗೇಟಿನ ಕಡೆಗೇ ನಡೆದರು. ಆ ಗೇಟಿನ ಒಂದೇ ಬಾಗಿಲು ತೆರೆದಿತ್ತು. ಟಿಕೆಟ್ ನೋಡುವುದಕ್ಕೆ ಅನುಕೂಲವಾಗಲೆಂದು ಇನ್ನೊಂದರ ಚಿಲಕವನ್ನು ನೆಲದ ತೂತಿಗೆ ಇಳಿಸಿಟ್ಟಿದ್ದರು. ಜನ ಬಾಗಿಲಿಗೆ ಒತ್ತಿಕೊಂಡ ಮೇಲೆ ಆ ಚಿಲಕ ಎತ್ತಲು ಬಗ್ಗುವಷ್ಟೂ ಜಾಗ ಉಳಿಯಲಿಲ್ಲ. ಹಿಂದಿದ್ದವರಿಗೆ ಇದು ಕಾಣುವುದಿಲ್ಲ, ಅವರು ತಳ್ಳುತ್ತಲೇ ಇದ್ದರು. ಜೀವ ಹೋಗಲಿಲ್ಲ, ಅದೇ ಪುಣ್ಯ. ಕಾಲು ಉಳುಕಿದವರು, ಉಸಿರು ಕಟ್ಟಿ ಕುಸಿದವರು, ಮಕ್ಕಳ ಕೈ ತಪ್ಪಿ ಕಂಗಾಲಾದವರು ಮಾತ್ರ ಬಹಳ.

ಪುಣ್ಯ ಎಲ್ಲ ಕಡೆ ಕೈ ಹಿಡಿಯುವುದಿಲ್ಲ. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯವೊಂದರ ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮವಿತ್ತು. ಮಳೆ ಬಂತೆಂದು ಹೊರಗಿದ್ದವರು ಒಳಗೆ ನುಗ್ಗಿದರು, ಇಳಿಜಾರಿನ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. 4 ಮಂದಿ ಸತ್ತರು.

ಗೇಟಿನ ಲೆಕ್ಕ ಕಷ್ಟದ್ದೇನಲ್ಲ. ಬ್ರಿಟನ್ನಿನ ಕ್ರೀಡಾಂಗಣಗಳ ಸುರಕ್ಷತೆಗೆ ಬಳಸುವ ಅಂದಾಜಿನಲ್ಲಿ, ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಸಮತಟ್ಟಾಗಿದ್ದರೆ 82 ಜನ, ಮೆಟ್ಟಿಲಾದರೆ 66 ಜನ ದಾಟಬಹುದು. ಅಂದರೆ ಮೆಟ್ಟಿಲ ತುದಿಯಲ್ಲಿ ಒಂದೂವರೆ ಮೀಟರಿನ ಒಂದೇ ಬಾಗಿಲು ತೆರೆದಿದ್ದರೆ ನಿಮಿಷಕ್ಕೆ ಸುಮಾರು 100 ಜನ. 3000 ಜನ ಹೊರಗೆ ಬರಲು ಅರ್ಧ ಗಂಟೆ ಬೇಕು. ಇದು ಎಲ್ಲರೂ ಸಮಾಧಾನದಿಂದ ನಡೆದರೆ! ಮಳೆ ಅಷ್ಟು ಹೊತ್ತು ಕಾಯುವುದಿಲ್ಲ, ಜನರೂ ಕಾಯುವುದಿಲ್ಲ.

ಆದ್ದರಿಂದ ಒಳಗೆ ಹೋದ ಮೊದಲ ಹತ್ತು ನಿಮಿಷ ವೇದಿಕೆಯ ಕಡೆ ನೋಡಲೇಬೇಡಿ. ಬಂದ ಗೇಟು ಬಿಟ್ಟು ಇನ್ನೆರಡು ದಾರಿ ಹುಡುಕಿ. ಬೀಗ ಇದೆಯೋ, ಚಿಲಕ ಇಳಿದಿದೆಯೋ, ಬಾಗಿಲು ಹೊರಗೆ ತೆರೆಯುತ್ತದೋ ಒಳಗೋ, ದಾರಿಗೆ ಅಡ್ಡ ಜನರೇಟರ್ ವ್ಯಾನೋ ತಿಂಡಿ ಮೇಜೋ ನಿಂತಿದೆಯೋ, ಹತ್ತಿರ ಹೋಗಿಯೇ ನೋಡಿ. ದೂರದಿಂದ ನೋಡಿದರೆ ಎಲ್ಲ ಗೇಟೂ ತೆರೆದಿರುವ ಹಾಗೇ ಕಾಣುತ್ತವೆ. ನಿಮ್ಮ ಜೊತೆ ಬಂದವರಿಗೂ ಎರಡನೇ ದಾರಿ ತೋರಿಸಿ. ಬೇರೆಯಾದರೆ ಎಲ್ಲಿ ಸೇರುವುದು ಎಂದು ಗೇಟಿನ ಹೊರಗಿನ ಒಂದು ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ, ಏಕೆಂದರೆ ಸಾವಿರಾರು ಫೋನು ಒಂದೇ ಕಡೆ ಇದ್ದಾಗ ಕರೆ ಹೋಗುವುದಿಲ್ಲ. ಎಸ್ಸೆಮ್ಮೆಸ್ ಆದರೂ ತಡವಾಗಿ ತಲುಪೀತು.

ನೂಕುನುಗ್ಗಲಲ್ಲಿ ಸಾಯುವವರು ಕಾಲ್ತುಳಿತದಿಂದಲೇ ಸಾಯುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಬಹಳಷ್ಟು ಮಂದಿ ನಿಂತಲ್ಲೇ ಉಸಿರು ಕಟ್ಟಿ ಸಾಯುತ್ತಾರೆ. ಎದೆ ನಾಲ್ಕೂ ಕಡೆಯಿಂದ ಒತ್ತಿಕೊಂಡರೆ ಉಸಿರು ಒಳಗೆ ಎಳೆದುಕೊಳ್ಳಲು ಪಕ್ಕೆ ಅರಳುವುದಿಲ್ಲ. ಒಂದು ಚದರ ಮೀಟರಿನಲ್ಲಿ 4 ಜನರಿದ್ದರೆ ಕಿರಿಕಿರಿ, 5 ದಾಟಿದರೆ ಅಪಾಯ. 6–7 ಆದರೆ ಜನ ನೀರಿನ ಹಾಗೆ ಅಲೆಯಾಗಿ ಓಲಾಡುತ್ತಾರೆ, ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ 2000ದಲ್ಲಿ 9 ಮಂದಿ, ಅಮೆರಿಕದ ಹ್ಯೂಸ್ಟನ್ನಿನಲ್ಲಿ 2021ರಲ್ಲಿ 10 ಮಂದಿ ವೇದಿಕೆಯ ಮುಂದಿನ ಒತ್ತಡದಲ್ಲಿ ಪ್ರಾಣ ಕಳೆದುಕೊಂಡರು. ಹ್ಯೂಸ್ಟನ್ನಿನಲ್ಲಿ ಹೆಚ್ಚು ಸಾವಾದದ್ದು ಮೂರು ಕಡೆ ಬ್ಯಾರಿಕೇಡ್ ಇದ್ದ ಅಂಕಣದಲ್ಲಿ. ಹಿಂದಿನಿಂದ ಜನ ತುಂಬುತ್ತಾರೆ, ಮುಂದೆ ಹೋಗಲು ದಾರಿಯಿಲ್ಲ. ಅಂಥ ಮೂಲೆಗೆ ಉಚಿತ ಪಾಸ್ ಕೊಟ್ಟರೂ ಹೋಗಬೇಡಿ.

ನಿಮ್ಮ ಎರಡೂ ಪಕ್ಕದವರ ತೋಳು ಒಟ್ಟಿಗೆ ತಾಗತೊಡಗಿದರೆ ಅದೇ ಹೊರಡುವ ಹೊತ್ತು. ಕೈ ಎತ್ತಿ ಮುಖ ಮುಟ್ಟಿಕೊಳ್ಳಲು ಆಗದಷ್ಟು ಆಗಿದ್ದರೆ ಈಗಾಗಲೇ ತಡವಾಗಿದೆ. ಆಗ ಮೊಣಕೈ ಮಡಚಿ ಎರಡೂ ಕೈ ಎದೆಯ ಮುಂದೆ ಹಿಡಿಯಿರಿ, ಉಸಿರಿಗೆ ಒಂದಿಷ್ಟು ಜಾಗ ಸಿಗುತ್ತದೆ. ಅಲೆಗೆ ಎದುರು ನಿಲ್ಲಬೇಡಿ. ಅದು ಇಳಿದ ಕೂಡಲೇ ಓರೆಯಾಗಿ, ಅಂಚಿನ ಕಡೆಗೆ ಎರಡು ಹೆಜ್ಜೆ ಸರಿಯಿರಿ, ಮತ್ತೆ ಅಲೆ ಬಂದಾಗ ನಿಲ್ಲಿ. ಕೂಗಿ ಉಸಿರು ಖರ್ಚು ಮಾಡಬೇಡಿ. ಕೆಳಗೆ ಬಿದ್ದ ಫೋನಿಗೋ ಚಪ್ಪಲಿಗೋ ಬಗ್ಗಲೇಬೇಡಿ. ಚಪ್ಪಲಿ ಅಂದಾಗ ನೆನಪಾಯಿತು: ಒದ್ದೆ ಕಲ್ಲಿನ ಮೆಟ್ಟಿಲ ಮೇಲೆ ಹವಾಯಿ ಚಪ್ಪಲಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಹಿಂದೆ ಪಟ್ಟಿ ಇರುವುದನ್ನೋ ಷೂವನ್ನೋ ಹಾಕಿ. ಬಿದ್ದರೆ ಅಂಗಾತ ಮಲಗದೆ ಪಕ್ಕಕ್ಕೆ ಮುದುಡಿ ತಲೆಯನ್ನು ಕೈಯಿಂದ ಮುಚ್ಚಿಕೊಳ್ಳಿ.

ಮಳೆಗಿಂತ ಗಾಳಿ, ಸಿಡಿಲು ಕೆಟ್ಟವು. 2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾದ ಮೇಳವೊಂದರಲ್ಲಿ ಬಿರುಗಾಳಿಗೆ ತಾತ್ಕಾಲಿಕ ವೇದಿಕೆಯ ಚಾವಣಿ ಕುಸಿದು 7 ಮಂದಿ ಸತ್ತರು. ಗಾಳಿ ಎದ್ದು ಮೇಲಿನ ದೀಪಗಳು ತೂಗಾಡತೊಡಗಿದರೆ ವೇದಿಕೆ, ಸ್ಪೀಕರ್ ಗೋಪುರ, ಎಲ್‌ಇಡಿ ಪರದೆ ಮೂರರಿಂದಲೂ ದೂರ ಸರಿಯಿರಿ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ, 3 ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸುವ ಮೊದಲೇ ಗುಡುಗಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ. ಶಾಮಿಯಾನ, ಮರ, ಕಬ್ಬಿಣದ ಕಂಬದ ಕೆಳಗೆ ನಿಲ್ಲಬೇಡಿ. ಪಕ್ಕಾ ಕಟ್ಟಡದೊಳಗೆ ಅಥವಾ ಗಾಜು ಏರಿಸಿದ ಕಾರಿನೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ. ಕೊಡೆಯನ್ನು ಒಳಗೆ ಬಿಡದ ಕಡೆಗಳು ಬಹಳ, ಮಡಚುವ ರೇನ್‌ಕೋಟ್ ಜೇಬಲ್ಲಿರಲಿ.

ಕೂರುವುದಕ್ಕೆ ಒಳ್ಳೆಯ ಜಾಗ ಸೌಂಡ್ ಮಿಕ್ಸರ್ ಇಟ್ಟ ಮೇಜಿನ ಹಿಂದೆ, ತುಸು ಪಕ್ಕಕ್ಕೆ. ಧ್ವನಿ ಹೊಂದಿಸುವವರ ಕಿವಿ ಇರುವುದು ಅಲ್ಲೇ, ಆದ್ದರಿಂದ ಹಾಡು ಅಲ್ಲಿ ಸರಿಯಾಗಿ ಕೇಳುತ್ತದೆ, ಜನರ ಒತ್ತಡವೂ ಕಡಿಮೆ. ಮೇಜಿನ ಮುಂದೆ ಮಾತ್ರ ನಿಲ್ಲಬೇಡಿ, ಅಲ್ಲಿ ಬೆನ್ನಿಗೆ ಬ್ಯಾರಿಕೇಡ್ ಸಿಗುತ್ತದೆ. ಸ್ಪೀಕರಿನ ಬುಡದಲ್ಲಿ 100 ಡೆಸಿಬೆಲ್ ದಾಟುವುದು ಮಾಮೂಲು, ಆ ಮಟ್ಟದಲ್ಲಿ ಕಿವಿಗೆ 15 ನಿಮಿಷವೇ ಮಿತಿ. ಮಕ್ಕಳಿಗೆ ಇಯರ್‌ಮಫ್ ಇಲ್ಲದೆ ಕರೆದುಕೊಂಡು ಹೋಗಬೇಡಿ.

ಕಾರ್ಯಕ್ರಮ ಶುರುವಾಗುವ ಮೊದಲೇ ಗೇಟಿನಲ್ಲಿರುವವರಿಗೆ, 'ಅಣ್ಣಾ, ಆ ಇನ್ನೊಂದು ಬಾಗಿಲಿನ ಚಿಲಕ ಒಮ್ಮೆ ಎತ್ತಿ ತೋರಿಸಿ' ಎಂದು ಕೇಳಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಅದು ತಿಳಿಯಬೇಕಾದ್ದು ಆಗಲೇ. ಎತ್ತಲು ಒಪ್ಪದಿದ್ದರೆ, ತೆರೆದ ಬೇರೆ ಗೇಟಿನ ಬಳಿ ಕೂತುಕೊಳ್ಳಿ. ಅದೂ ಇಲ್ಲವೆಂದರೆ ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ, ಹೊರಗೆ ಬನ್ನಿ.