ಹಾರಾಟ ಬೋಧಕರಾಗಿ ಸೇರುವ ಮೊದಲು ಮಳೆಗಾಲದ ಸಂಬಳ ಕೇಳಿ

ನಾನು ಬದಿಯಡ್ಕದ ಕಡೆಯವನು. 200 ಗಂಟೆಗಳ ಹಾರಾಟ ಪೂರೈಸಿ ಪೈಲಟ್ ಲೈಸನ್ಸ್ ಪಡೆದ ಮೇಲೆ, ದೊಡ್ಡ ವಿಮಾನ ಕಂಪೆನಿಗಳ ಕರೆ ಬರುವ ತನಕ ಅನುಭವವೂ ಆದೀತು, ಸಾಲದ ಕಂತೂ ಕಟ್ಟಿಹೋದೀತು ಎಂಬ ಎಣಿಕೆಯಿಂದ ಹೊರರಾಜ್ಯದ ತರಬೇತಿ ಶಾಲೆಯೊಂದರಲ್ಲಿ ಸಹಾಯಕ ಹಾರಾಟ ಬೋಧಕನಾಗಿ ಹದಿನಾಲ್ಕು ತಿಂಗಳು ದುಡಿದೆ. ನಮ್ಮೂರಿನ ಮಕ್ಕಳು ಇನ್ನೂ ಕೆಲವರು ಇದೇ ದಾರಿ ಹಿಡಿದಿರುವುದರಿಂದ ಅಲ್ಲಿ ನನಗಾದುದನ್ನು ಬರೆಯುತ್ತಿದ್ದೇನೆ.

ಗಂಟೆಗೆ 500 ರೂಪಾಯಿ, ತಿಂಗಳಿಗೆ 70 ಗಂಟೆ ಖಂಡಿತ ಎಂದು ಸಂದರ್ಶನದಲ್ಲಿ ಹೇಳಿದ್ದರು. ಆ 70 ಗಂಟೆಯ ಮಾತು ಕರಾರುಪತ್ರದಲ್ಲಿ ಇರಲಿಲ್ಲ. ಬೆಳಗ್ಗೆ ಐದೂವರೆಗೆ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಹಾಜರಿರಬೇಕು. ರೆಕ್ಕೆಯ ಅಡಿಯಿಂದ ಇಂಧನವನ್ನು ಪುಟ್ಟ ಲೋಟಕ್ಕೆ ಇಳಿಸಿ, ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದರಿಂದ ಹಿಡಿದು ಸಂಜೆ ಆರರ ಪಾಠದ ತನಕ ನೆಲದ ಮೇಲೆ ಮಾಡುವ ಯಾವ ಕೆಲಸಕ್ಕೂ ಹಣವಿಲ್ಲ. ವಿಮಾನ ಸ್ವಂತ ಶಕ್ತಿಯಿಂದ ಕದಲಿದ ಕ್ಷಣದಿಂದ ಕೊನೆಗೆ ನಿಲ್ಲುವ ತನಕದ ಸಮಯವೇ ಹಾರಾಟದ ಅವಧಿ. ವಿದ್ಯಾರ್ಥಿಗಳಿಂದ ಶುಲ್ಕ ಪಡೆಯುವಾಗ ಶಾಲೆ ಈ ಲೆಕ್ಕವನ್ನೇ ಹಿಡಿಯುತ್ತಿತ್ತು. ನನಗೆ ಕೊಡುವಾಗ ಮಾತ್ರ ಗಾಲಿ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವ ತನಕ ಎಣಿಸುತ್ತಿತ್ತು.

ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ತರಬೇತಿ ವಿಮಾನಗಳು ಏಳುವುದಿಲ್ಲ. ಜುಲೈಯಲ್ಲಿ ನನಗೆ ದೊರೆತದ್ದು 9 ಗಂಟೆ, ಅಂದರೆ 4,500 ರೂಪಾಯಿ. ಕೋಣೆ ಬಾಡಿಗೆಗೆಂದು 3,500 ಮುರಿದುಕೊಂಡು 1,000 ರೂಪಾಯಿ ಕೈಗಿತ್ತರು. ಅಡಿಕೆಗೆ ಮದ್ದು ಬಿಡಲು ಬಂದವರು ಮಳೆಯಿಂದಾಗಿ ಕೆಲಸ ನಿಲ್ಲಿಸಿದರೂ ಅಪ್ಪ ಅರ್ಧ ದಿನದ ಸಂಬಳ ಕೊಡದೆ ಕಳುಹಿಸಿದವರಲ್ಲ. ಆ ತಿಂಗಳ ಕಂತನ್ನು ಕಟ್ಟಿದವರೂ ಅವರೇ.

ಹಣಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಏಪ್ರಿಲಿನ ಒಂದು ಮಧ್ಯಾಹ್ನ. ಅದು ಆ ದಿನದ ಐದನೆಯ ಹಾರಾಟ. ಸೆಸ್ನಾ 152 ಎಂಬ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿಸಿಯೇ ಕೂರಬೇಕು. ಬೆವರಿನಿಂದ ಹೆಡ್‌ಸೆಟ್ ಕಿವಿಯಿಂದ ಜಾರುತ್ತಿತ್ತು. ಇಳಿಯುವಾಗ ವಿದ್ಯಾರ್ಥಿನಿ ರನ್‌ವೇಯಿಂದ ಹತ್ತು ಹನ್ನೆರಡು ಅಡಿ ಎತ್ತರದಲ್ಲೇ ವಿಮಾನದ ಮೂತಿ ಎತ್ತಿಬಿಟ್ಟಳು, ವೇಗ ಕುಸಿಯಿತು, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳಲಿದೆ ಎಂದು ಎಚ್ಚರಿಸುವ ಸ್ಟಾಲ್ ಹಾರ್ನ್ ಕೂಗತೊಡಗಿತು. ಎಂಜಿನ್ನಿನ ಶಕ್ತಿ ಹೆಚ್ಚಿಸಲು ಥ್ರಾಟಲ್ ಒತ್ತಬೇಕಾದ ನನ್ನ ಕೈ ಒಂದು ಕ್ಷಣ ತಡವಾಯಿತು, ಗಾಲಿಗಳು ದೊಪ್ಪೆಂದು ನೆಲಕ್ಕೆ ಅಪ್ಪಳಿಸಿದವು. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ದಣಿದಿದ್ದೇನೆಂದು ನನಗೆ ಹೊರಡುವ ಮೊದಲೇ ಗೊತ್ತಿತ್ತು. ಒಲ್ಲೆನೆಂದರೆ ಆ ಗಂಟೆಯ ಹಣ ಹೋಗುತ್ತದೆಂದೇ ಹತ್ತಿ ಕುಳಿತಿದ್ದೆ. ಗಂಟೆಯ ಲೆಕ್ಕದ ಸಂಬಳವನ್ನು ನಾನು ಅಪಾಯಕಾರಿ ಎನ್ನುವುದು ಇದಕ್ಕಾಗಿ.

ಸೇರುವಾಗ ಮೂಲ ಅಂಕಪಟ್ಟಿಗಳನ್ನೂ ಲಾಗ್‌ಬುಕ್ಕನ್ನೂ ಪರಿಶೀಲನೆಗೆಂದು ತೆಗೆದಿರಿಸಿಕೊಂಡಿದ್ದರು. ಬಿಡುತ್ತೇನೆಂದಾಗ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಬಾಂಡನ್ನು ಮುಂದಿಟ್ಟರು. ಹಾರಿದ ಗಂಟೆಗಳಿಗೆಲ್ಲ ಲಾಗ್‌ಬುಕ್ಕೇ ಸಾಕ್ಷಿಯಾದುದರಿಂದ ಅದಿಲ್ಲದೆ ಬೇರೆಡೆ ಅರ್ಜಿ ಹಾಕುವಂತಿರಲಿಲ್ಲ. ಅದು ಮರಳಿ ಕೈಸೇರಲು ನಾಲ್ಕು ತಿಂಗಳು ಹಿಡಿಯಿತು. ಎರಡು ತಿಂಗಳ ಸಂಬಳ ಇನ್ನೂ ಬಂದಿಲ್ಲ.

ಮೂಲ ದಾಖಲೆಗಳನ್ನು ತೋರಿಸಿ, ಪ್ರತಿಗಳನ್ನಷ್ಟೇ ಕೊಟ್ಟು ಬನ್ನಿ. ಹಾರಾಟವಿಲ್ಲದ ತಿಂಗಳಿಗೂ ಇಂತಿಷ್ಟು ಸಂಬಳವೆಂದು ಬರೆಯಿಸಿಕೊಳ್ಳಿ. ಸಹಿ ಹಾಕುವ ಮೊದಲು, ಕಚೇರಿಯವರು ಎದುರಿಗಿಲ್ಲದಾಗ, ಅಲ್ಲಿ ಈಗ ದುಡಿಯುತ್ತಿರುವ ಬೋಧಕರೊಬ್ಬರಲ್ಲಿ ಕಳೆದ ಜುಲೈಯಲ್ಲಿ ಅವರ ಕೈಗೆ ಎಷ್ಟು ಬಂತು ಎಂದು ಕೇಳಿ.