ಜೇಕಿಗೆ ಮಾತ್ರ ಸಲ್ಲುವ ಔಷಧಿ: ಹ್ಯಾಲೊಸಲ್ಫ್ಯುರಾನ್ ಕಳೆನಾಶಕದ ವಿಮರ್ಶೆ

ಹ್ಯಾಲೊಸಲ್ಫ್ಯುರಾನ್ ಮೀಥೈಲ್ ಶೇಕಡಾ 75 ಎಂಬ ಹರಳು ರೂಪದ ಕಳೆನಾಶಕ ಕೊಡಗಿನ ಮನೆಯಂಗಳದ ಹುಲ್ಲುಹಾಸಿಗೆ ಒಗ್ಗುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ನಿಮ್ಮ ತಲೆನೋವು ಜೇಕು ಎಂಬ ಗಡ್ಡೆಯ ಕಳೆಯಾಗಿದ್ದರೆ ಕೊಳ್ಳಿ, ಬೇರೆ ಕಳೆಯಾಗಿದ್ದರೆ ದುಡ್ಡು ಉಳಿಸಿಕೊಳ್ಳಿ.

ಇದನ್ನು ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ಕಾಫಿ ತೋಟಗಳನ್ನೇ ನೆಚ್ಚಿಕೊಂಡಿರುವ ನಮ್ಮ ಕಡೆಯ ಗೊಬ್ಬರದ ಅಂಗಡಿಗಳಲ್ಲಿ ಕಳೆಗೆ ಔಷಧಿ ಕೇಳಿದರೆ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಗ್ಲೈಫೋಸೇಟ್. ಅದು ತಾಗಿದ ಹಸಿರನ್ನೆಲ್ಲ ಒಣಗಿಸುವುದರಿಂದ ಕಳೆಯ ಜೊತೆಗೆ ಹುಲ್ಲೂ ಹೋಗುತ್ತದೆ. ಮೇಲಾಗಿ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯು ಅದರ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿ ಪಡೆದವರಿಗೆ ಸೀಮಿತಗೊಳಿಸಿತು. ಹೋಂಸ್ಟೇ ನಡೆಸುವ ಪರಿಚಿತರೊಬ್ಬರು ಅಂಗಡಿಯವರ ಮಾತು ನಂಬಿ ಅದನ್ನೇ ಹೊಡೆಸಿದ್ದರು. ಹುಲ್ಲು ಸುಟ್ಟುಹೋದ ಬೋಳು ನೆಲದಲ್ಲಿ ಮೊದಲು ತಲೆಯೆತ್ತಿದ್ದು ಜೇಕೇ.

ಜೇಕು ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ. ಅದರ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ಕೈಗೆ ಸಿಗುತ್ತವೆ, ಹುಲ್ಲಿನ ದಂಟು ಹಾಗೆ ಸಿಗುವುದಿಲ್ಲ. ಕುರ್ಪಿಯಿಂದ ಅಗೆದು ನೋಡಿದರೆ ಕಪ್ಪು ಸಿಪ್ಪೆಯ, ಸುವಾಸನೆಯ ಸಣ್ಣ ಗಡ್ಡೆಗಳು ಒಂದರಿಂದ ಒಂದಕ್ಕೆ ತೆಳುವಾದ ಬೇರುಗಳಿಂದ ಪೋಣಿಸಿಕೊಂಡಿರುವುದು ಕಾಣುತ್ತದೆ. ಇದನ್ನೇ ಕೊನ್ನಾರಿ ಗಡ್ಡೆ ಎನ್ನುವುದು. ಮೇಲಿನ ಎಲೆ ಕಿತ್ತಾಗ ಸಾಮಾನ್ಯವಾಗಿ ಆ ಎಳೆ ತುಂಡಾಗಿ ಗಡ್ಡೆಗಳು ಮಣ್ಣಿನಲ್ಲೇ ಉಳಿಯುತ್ತವೆ ಮತ್ತು ಅದುವರೆಗೆ ಸುಮ್ಮನಿದ್ದ ಗಡ್ಡೆಗಳೂ ಚಿಗುರತೊಡಗುತ್ತವೆ. ಆಳಿಗೆ ಕೂಲಿ ಕೊಟ್ಟು ಕೀಳಿಸಿದಷ್ಟೂ ಜೇಕು ದಟ್ಟವಾಗುವುದು ಇದರಿಂದಲೇ.

ಹ್ಯಾಲೊಸಲ್ಫ್ಯುರಾನ್‌ನ ಬೆಲೆ ಗೊತ್ತಾಗುವುದು ಇಲ್ಲಿ. ಎಲೆಯ ಮೂಲಕ ಒಳಸೇರಿ ಗಡ್ಡೆಯತ್ತ ಇಳಿಯುವ ಈ ಔಷಧಿ, ಗಿಡದ ಬೆಳವಣಿಗೆಗೆ ಬೇಕಾದ ಕೆಲವು ಅಮೈನೊ ಆಮ್ಲಗಳ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಗರಿಕೆ ಹಾಗೂ ಕೊರಿಯನ್ ಹುಲ್ಲು ಇದನ್ನು ತಮ್ಮೊಳಗೇ ಒಡೆದು ನಿಷ್ಕ್ರಿಯಗೊಳಿಸಬಲ್ಲವು; ಆದರೆ ಹೊಸದಾಗಿ ನೆಟ್ಟ, ಇನ್ನೂ ಬೇರು ಹಿಡಿಯದ ಹುಲ್ಲಿಗೆ ಹೊಡೆಯುವುದು ಸಲ್ಲದು. ಪರಿಣಾಮ ಕಾಣಲು ಎರಡು ಮೂರು ವಾರ ಬೇಕಾಗುವುದರಿಂದ, ಸಿಂಪಡಿಸಿದ ಮೊದಲ ವಾರ ಏನೂ ಆಗಿಲ್ಲವೆಂದು ಮತ್ತೊಮ್ಮೆ ಹೊಡೆಯುವ ಆತುರ ಬೇಡ. ನಮ್ಮ ಅಂಗಳದಲ್ಲಿ ಜೇಕು ಮೊದಲು ನಡುವಿನ ಸುಳಿಯಲ್ಲಿ ಹಳದಿಯಾಗಿ, ಬಳಿಕ ಬುಡದವರೆಗೆ ಕಂದಿತು. ಗಡ್ಡೆಗಳನ್ನು ಅಗೆದು ಚಾಕುವಿನಿಂದ ಸೀಳಿದಾಗ ಹೆಚ್ಚಿನವು ಒಳಗೆ ಕಂದು ಬಣ್ಣಕ್ಕೆ ತಿರುಗಿದ್ದವು, ಕೆಲವು ಮಾತ್ರ ಬೆಳ್ಳಗೆ ಗಟ್ಟಿಯಾಗಿದ್ದವು. ಆ ಬಿಳಿ ಗಡ್ಡೆಗಳ ಸಲುವಾಗಿ ಎರಡನೆಯ ಸಿಂಪರಣೆ ಬೇಕೇ ಬೇಕು. ತಗ್ಗಿನಲ್ಲಿ ನೀರು ನಿಲ್ಲುವಲ್ಲಿ ಬೆಳೆಯುವ, ಮೂರು ಎಲೆಗಳ ನಡುವೆ ಹಸಿರು ಗುಂಡಿನಂಥ ತಲೆಯಿರುವ ಕುಳ್ಳ ಜೇಕಿನ ಮೇಲೆ ಇದರ ಹಿಡಿತ ಅಷ್ಟು ಬಿಗಿಯಲ್ಲ.

ನನ್ನ ದೊಡ್ಡ ಆಕ್ಷೇಪವಿರುವುದು ಔಷಧಿಯ ಗುಣದ ಬಗ್ಗೆ ಅಲ್ಲ, ಅಳತೆಯ ಬಗ್ಗೆ. ಶಿಫಾರಸಿನ ಪ್ರಮಾಣ ಎಕರೆಗೆ 36 ಗ್ರಾಂ. ಸಾವಿರ ಚದರ ಅಡಿಯ ಅಂಗಳಕ್ಕೆ ಲೆಕ್ಕ ಹಾಕಿದರೆ ಒಂದು ಗ್ರಾಂ ಕೂಡ ಆಗುವುದಿಲ್ಲ, ಸುಮಾರು 0.8 ಗ್ರಾಂ ಸಾಕು; ಅದನ್ನು ನಾಲ್ಕೈದು ಲೀಟರ್ ನೀರಿನಲ್ಲಿ ಕಲಸಬೇಕು. ಕಬ್ಬು, ಮುಸುಕಿನ ಜೋಳದ ಹೊಲಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸೂಚನೆಯಿಂದ ಮನೆಯವರು ಈ ಲೆಕ್ಕವನ್ನು ತಾವೇ ತೆಗೆಯಬೇಕಾಗುತ್ತದೆ. ಚಿನ್ನದಂಗಡಿಯ ತಕ್ಕಡಿಯಂಥದ್ದು ಇಲ್ಲದವರು ಚಮಚದ ಅಂದಾಜಿಗೆ ಇಳಿಯುವುದು ಖಂಡಿತ, ಅಂದಾಜು ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ.

ಮಳೆಯ ಲೆಕ್ಕ ಇನ್ನೂ ಮುಖ್ಯ. ಸಿಂಪಡಿಸಿದ ಬಳಿಕ ಕನಿಷ್ಠ ನಾಲ್ಕು ಗಂಟೆ ಮಳೆ ಬೀಳಬಾರದು, ಹಿಂದೆ ಮುಂದೆ ಎರಡೆರಡು ದಿನ ಹುಲ್ಲು ಕತ್ತರಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಾಗಲಿ ಭಾಗಮಂಡಲದಲ್ಲಾಗಲಿ ಇದು ಆಗದ ಮಾತು. ಬೇಸಿಗೆಯಲ್ಲಿ ಕಾಫಿ ಹೂವರಳಿಸುವ ಹೂಮಳೆಯ ಬಳಿಕ ಜೇಕು ಚಿಗುರಿ ಮೂರರಿಂದ ಐದು ಎಲೆಗೆ ಬಂದಾಗ ಒಮ್ಮೆ, ತುಲಾ ಸಂಕ್ರಮಣದ ಹೊತ್ತಿಗೆ ಆಕಾಶ ತಿಳಿಯಾದ ಮೇಲೆ ಇನ್ನೊಮ್ಮೆ ಹೊಡೆಯುವುದು ಇಲ್ಲಿಗೆ ಹೊಂದುವ ಕ್ರಮ. ಅಂಗಳದ ನೀರು ಇಳಿಜಾರಿನಲ್ಲಿ ಕೆರೆಗೋ ಗದ್ದೆಗೋ ಹೋಗುವ ಮನೆಗಳವರು ಆ ಅಂಚಿನ ಪಟ್ಟಿಯನ್ನು ಬಿಟ್ಟೇ ಸಿಂಪಡಿಸಬೇಕು.

ಉಳಿದ ಕಳೆಗಳಿಗೆ ಬೇರೆ ದಾರಿಯಿದೆ. ಅಗಲ ಎಲೆಯ ಕಳೆಗಳಿಗೆ 2,4-ಡಿ ಎಂಬ ಕಳೆನಾಶಕ ಕೆಲಸ ಮಾಡುತ್ತದೆ ನಿಜ, ಆದರೆ ಅದರ ಎಸ್ಟರ್ ರೂಪ ಆವಿಯಾಗಿ ಪಕ್ಕದ ಟೊಮೆಟೊ, ಅವರೆ, ಕಾಫಿಯ ಎಳೆ ಚಿಗುರುಗಳನ್ನು ಸುರುಟಿಸಬಲ್ಲದು. ತೋಟಕ್ಕೆ ತಾಗಿಕೊಂಡ ಮನೆಯಲ್ಲಿ ಅದನ್ನು ನಾನು ಬಳಸಲಾರೆ. ನಾಚಿಕೆ ಮುಳ್ಳನ್ನು ದಪ್ಪ ಕೈಗವಸು ತೊಟ್ಟು, ನೆಲ ಹಸಿಯಿರುವಾಗ ತಾಯಿಬೇರು ಸಮೇತ ಕೀಳುವುದೇ ಮೇಲು. ಮೂರೆಲೆಯ ಹುಳಿಸೊಪ್ಪಿಗೂ ಬೀಜ ಸಿಡಿಯುವ ಮೊದಲು ಕುರ್ಪಿಯೇ ಸಾಕು. ನೆರಳಿನಲ್ಲಿ ಹಬ್ಬುವ ಪಾಚಿಗೆ ಯಾವ ಕಳೆನಾಶಕವನ್ನೂ ಹುಡುಕಬೇಡಿ, ಮೇಲಿನ ಕೊಂಬೆ ಸವರಿ ನೀರು ಹರಿದುಹೋಗುವಂತೆ ಮಾಡಿ. ಒಂದೆಲಗವನ್ನು ಕಳೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ಔಷಧಿ ಹೊಡೆದ ಜಾಗದ್ದನ್ನು ಮಾತ್ರ ಚಟ್ನಿಗೆ ಕೊಯ್ಯಬಾರದು.

ಕೊಳ್ಳುವುದಾದರೆ ಸಿಗುವ ಅತಿ ಚಿಕ್ಕ ಪೊಟ್ಟಣವನ್ನೇ ಕೊಳ್ಳಿ. ಒಡೆದ ಪೊಟ್ಟಣ ನಮ್ಮ ಮಳೆಗಾಲದ ತೇವಕ್ಕೆ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಅದನ್ನು ಅಳೆಯುವುದೂ ಕಷ್ಟ, ನೀರಿನಲ್ಲಿ ಕರಗಿಸುವುದೂ ಕಷ್ಟ.