ಒಂದೇ ಲ್ಯಾಪ್‌ಟಾಪ್, ಮೂರು ವ್ಯವಸ್ಥೆ: ಖಾಸಗಿತನದ ಕಣ್ಣಿನಲ್ಲಿ ವಿಂಡೋಸ್ 11 ಮತ್ತು ಲಿನಕ್ಸ್ ಮಿಂಟ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇರಲಿಲ್ಲವಾದ್ದರಿಂದ ಹೊಸದೊಂದನ್ನು ಕೊಳ್ಳಬೇಕಾಯಿತು. 16 ಜಿಬಿ ರ‍್ಯಾಮ್, 512 ಜಿಬಿ ಎಸ್ಎಸ್‌ಡಿ ಇರುವ ಸಾಧಾರಣ ಯಂತ್ರ. ವಿಂಡೋಸ್ 11 ಹೋಮ್ ಅದರಲ್ಲೇ ಬಂದಿತ್ತು. ನನ್ನ ಕೆಲಸ ಅನುವಾದ. ಇತರರ ಕರಡುಗಳು, ಕೆಲವೊಮ್ಮೆ ನ್ಯಾಯಾಲಯದ ಕಾಗದಪತ್ರಗಳೂ ನನ್ನ ಬಳಿ ಇರುತ್ತವೆ. ಹಾಗಾಗಿ ಯಾವುದನ್ನೂ ಖಾಯಂ ಮಾಡಿಕೊಳ್ಳುವ ಮೊದಲು ಅದೇ ಯಂತ್ರವನ್ನು ಮೂರು ವಿಧವಾಗಿ, ತಲಾ ಮೂರು ವಾರ ಬಳಸಿ ನೋಡಿದೆ: ಮೊದಲು ಮೈಕ್ರೋಸಾಫ್ಟ್ ಖಾತೆಯೊಂದಿಗೆ, ಸೆಟಪ್ ಹೇಳಿದಂತೆಯೇ, ಆಮೇಲೆ ಅದೇ ವಿಂಡೋಸನ್ನು ಆ ಯಂತ್ರಕ್ಕಷ್ಟೇ ಸೀಮಿತವಾದ ಸ್ಥಳೀಯ ಖಾತೆಗೆ ಬದಲಿಸಿ, ಮುಚ್ಚಬಹುದಾದ ಸ್ವಿಚ್ಚುಗಳನ್ನೆಲ್ಲ ಮುಚ್ಚಿ, ಕೊನೆಗೆ ಎಲ್ಲವನ್ನೂ ಅಳಿಸಿ, ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ 22ರಲ್ಲಿ.

ಮೊದಲ ವಿಧದಲ್ಲಿ ಶ್ರಮ ಅತ್ಯಂತ ಕಡಿಮೆ. ಸೆಟಪ್ ಸಮಯದಲ್ಲಿ ಸ್ಥಳ, ಕಳೆದ ಸಾಧನದ ಹುಡುಕಾಟ, ಯಂತ್ರದ ಸ್ಥಿತಿಗತಿಯ (ಡಯಾಗ್ನೋಸ್ಟಿಕ್) ದತ್ತಾಂಶ, ಬರವಣಿಗೆ ಮತ್ತು ಟೈಪಿಂಗ್ ಮಾಹಿತಿ, ವೈಯಕ್ತೀಕೃತ ಸಲಹೆಗಳು, ಜಾಹೀರಾತು ಗುರುತು ಎಂಬ ಆರು ಪ್ರಶ್ನೆಗಳು ಬರುತ್ತವೆ. ಸುಮ್ಮನೆ ಮುಂದುವರಿದರೆ ಎಲ್ಲದಕ್ಕೂ ಹೌದೆಂದು ಉತ್ತರಿಸಿದಂತಾಗುತ್ತದೆ. ಒನ್‌ಡ್ರೈವ್ ಬ್ಯಾಕಪ್‌ಗೆ ಒಪ್ಪಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಫೋಲ್ಡರ್‌ಗಳು ಕಂಪನಿಯ ಸರ್ವರ್‌ಗೆ ಹೋಗತೊಡಗುತ್ತವೆ, ಉಚಿತವಾಗಿ ಸಿಗುವ 5 ಜಿಬಿ ತುಂಬುವವರೆಗೆ. ಮದುವೆಯ ಫೋಟೋಗಳಿಗೆ ಇದು ವರವೇ ಆಗಬಹುದು. ಬೇರೊಬ್ಬರು ನಂಬಿ ಕೊಟ್ಟ ಕರಡಿನ ವಿಷಯದಲ್ಲಿ ಮಾತ್ರ, ಕೊಟ್ಟವರನ್ನು ಕೇಳದೆ ನಾನು ಹೀಗೆ ಒಪ್ಪಿಬಿಡುವುದು ಸರಿಯಲ್ಲ.

ಎರಡನೆಯ ವಿಧಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ಸೆಟ್ಟಿಂಗ್ಸ್‌ನ ಖಾತೆ ವಿಭಾಗದಲ್ಲಿ ಸ್ಥಳೀಯ ಖಾತೆಗೆ ಬದಲಾಗುವುದು ಸುಲಭ. ಖಾತೆಯೇ ಇಲ್ಲದೆ ಸೆಟಪ್ ಮುಗಿಸುವ ಅಡ್ಡದಾರಿಗಳನ್ನು ಮೈಕ್ರೋಸಾಫ್ಟ್ ಒಂದೊಂದಾಗಿ ಮುಚ್ಚುತ್ತಿರುವುದರಿಂದ ನಾನು ಆ ಸಾಹಸಕ್ಕೆ ಹೋಗಲಿಲ್ಲ. ಜಾಹೀರಾತು ಗುರುತು, ಟೈಪಿಂಗ್ ಮಾಹಿತಿ, ಐಚ್ಛಿಕ ಡಯಾಗ್ನೋಸ್ಟಿಕ್ ದತ್ತಾಂಶಗಳನ್ನು ನಿಲ್ಲಿಸಿದೆ. ನಾವು ಇಳಿಸಿಕೊಂಡ ಅಪ್‌ಡೇಟ್‌ಗಳನ್ನು ಬೇರೆ ಕಂಪ್ಯೂಟರ್‌ಗಳಿಗೆ ಹಂಚುವ ಸೌಲಭ್ಯವನ್ನೂ ನಿಲ್ಲಿಸಿದೆ. ಸ್ಟಾರ್ಟ್ ಮೆನುವಿನಲ್ಲಿ ಟೈಪಿಸಿದ ಪದ ಮೈಕ್ರೋಸಾಫ್ಟ್‌ನ ಹುಡುಕುತಾಣ ಬಿಂಗ್‌ಗೆ ಹೋಗದಂತೆ ತಡೆಯಲು, ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನೇ ತಿದ್ದಬೇಕಾಯಿತು. ಇಷ್ಟಾದರೂ ಹೋಮ್ ಮತ್ತು ಪ್ರೊ ಆವೃತ್ತಿಗಳಲ್ಲಿ ‘ಅಗತ್ಯ’ ಎಂದು ಕರೆಯಲಾಗುವ ಡಯಾಗ್ನೋಸ್ಟಿಕ್ ದತ್ತಾಂಶವನ್ನು ಸೆಟ್ಟಿಂಗ್ಸ್‌ನಿಂದ ನಿಲ್ಲಿಸಲು ಬರುವುದಿಲ್ಲ. ಆ ಅವಕಾಶ ಇರುವುದು ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಆವೃತ್ತಿಗಳಿಗೆ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಬೇಸರದಿಂದ, ಎಲ್ಲವನ್ನೂ ಒಂದೇ ಏಟಿಗೆ ಸ್ವಚ್ಛಗೊಳಿಸುತ್ತೇನೆಂದು ಹೇಳುವ ಅಪರಿಚಿತ ಸ್ಕ್ರಿಪ್ಟ್ ಒಂದನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದೊಂದಿಗೆ ಓಡಿಸಿದೆ. ಮರುದಿನ ಪ್ರಿಂಟರ್ ಕೆಲಸ ಮಾಡಲಿಲ್ಲ, ಆ್ಯಪ್ ಸ್ಟೋರ್ ತೆರೆಯಲಿಲ್ಲ. ವಿಂಡೋಸನ್ನು ರೀಸೆಟ್ ಮಾಡಿ ಮೊದಲಿನಿಂದ ಆರಂಭಿಸಬೇಕಾಯಿತು. ಒಂದು ಕಂಪನಿಯನ್ನು ನಂಬಲಾರೆನೆಂದು ಹೊರಟವನು ಹೆಸರೂ ಗೊತ್ತಿಲ್ಲದ ಯಾರಿಗೋ ಇಡೀ ಯಂತ್ರದ ಅಧಿಕಾರ ಕೊಟ್ಟಿದ್ದೆ.

ಮನೆಯಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ, ಜಾಹೀರಾತು ಸರ್ವರ್‌ಗಳನ್ನು ತಡೆಯುವ ಪೈ-ಹೋಲ್ ತಂತ್ರಾಂಶ ಓಡುತ್ತದೆ. ಯಾವ ಸಾಧನ ಯಾವ ಹೆಸರಿನ ಸರ್ವರನ್ನು ವಿಚಾರಿಸಿತು ಎಂಬುದನ್ನು ಅದು ಸಾಲು ಸಾಲಾಗಿ ಬರೆದಿಡುತ್ತದೆ. ಮೂರೂ ವಿಧಗಳಲ್ಲಿ ಒಂದೊಂದು ರಾತ್ರಿ ಲ್ಯಾಪ್‌ಟಾಪನ್ನು ಏನೂ ಮಾಡದೆ, ನಿದ್ರೆಗೂ ಜಾರದಂತೆ ಬಿಟ್ಟು ಬೆಳಿಗ್ಗೆ ದಾಖಲೆ ತೆರೆದೆ. ಮೊದಲ ವಿಧದ ಪಟ್ಟಿಯನ್ನು ನೋಡಲು ಪುಟದಿಂದ ಪುಟಕ್ಕೆ ಹೋಗಬೇಕಾಯಿತು: ಸುದ್ದಿ ವಿಜೆಟ್, ಒನ್‌ಡ್ರೈವ್, ಬಿಂಗ್, ಮತ್ತೆ ಮತ್ತೆ ಡಯಾಗ್ನೋಸ್ಟಿಕ್ ದತ್ತಾಂಶ ಸ್ವೀಕರಿಸುವ ‘ಈವೆಂಟ್ಸ್ ಡಾಟ್ ಡೇಟಾ ಡಾಟ್ ಮೈಕ್ರೋಸಾಫ್ಟ್’. ಎರಡನೆಯದರಲ್ಲಿ ಪಟ್ಟಿ ಅರ್ಧಕ್ಕಿಂತ ಕಡಿಮೆಯಾಗಿತ್ತು, ಆದರೆ ಆ ಕೊನೆಯ ಹೆಸರು ಹೋಗಿರಲಿಲ್ಲ. ಮಿಂಟ್‌ನ ರಾತ್ರಿಯಲ್ಲಿ ಸಮಯ ಸರಿಪಡಿಸಿಕೊಳ್ಳುವ ವಿಚಾರಣೆ, ಅಂತರ್ಜಾಲ ಸಂಪರ್ಕವಿದೆಯೇ ಎಂಬ ಪರೀಕ್ಷೆ, ಅಪ್‌ಡೇಟ್‌ಗಳ ತಪಾಸಣೆ, ಇಷ್ಟೇ ಇದ್ದವು. ಆ ಸರ್ವರ್‌ಗಳಿಗೆ ಹೋದದ್ದೇನು ಎಂಬುದು ಈ ಪಟ್ಟಿಯಿಂದ ತಿಳಿಯುವುದಿಲ್ಲ; ಎಷ್ಟು ಬಾರಿ ಬಾಗಿಲು ತಟ್ಟಲಾಯಿತು ಎಂಬುದಷ್ಟೇ ತಿಳಿಯುತ್ತದೆ.

ಲಿನಕ್ಸ್ ಎಂದ ಮಾತ್ರಕ್ಕೆ ನಿಷ್ಕಳಂಕವೆಂದೇನೂ ಅಲ್ಲ. 2012ರಲ್ಲಿ ಬಂದ, ಉಬುಂಟು ಎಂಬ ಮತ್ತೊಂದು ಲಿನಕ್ಸ್‌ನ 12.10 ಆವೃತ್ತಿ, ನಾವು ನಮ್ಮದೇ ಕಡತಕ್ಕಾಗಿ ಹುಡುಕಿದ ಪದವನ್ನು ಹೊರಗೆ ಕಳುಹಿಸಿ ಅಮೆಜಾನ್‌ನ ಸರಕುಗಳನ್ನು ತೋರಿಸುತ್ತಿತ್ತು; 16.04ರಲ್ಲಷ್ಟೇ ಅದು ತಾನಾಗಿ ನಡೆಯುವುದು ನಿಂತಿತು. ಮಿಂಟ್ 22 ಉಬುಂಟು 24.04ರ ಮೇಲೆ ನಿಂತಿದ್ದರೂ ಆ ಬಗೆಯದ್ದೇನನ್ನೂ ಇಟ್ಟುಕೊಂಡಿಲ್ಲ, ಖಾತೆಯನ್ನೂ ಕೇಳುವುದಿಲ್ಲ, ಮತ್ತು 2029ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುತ್ತದೆ.

ಮೂರು ವಿಧಗಳ ನಡುವಿನ ನಿಜವಾದ ವ್ಯತ್ಯಾಸ ನನಗೆ ಕಂಡದ್ದು ಡಿಸ್ಕ್‌ನ ಗೂಢಲಿಪೀಕರಣದಲ್ಲಿ, ಅಂದರೆ ಕೀಲಿಯಿಲ್ಲದೆ ಯಾರೂ ಓದಲಾಗದಂತೆ ಅದನ್ನು ಬೀಗ ಹಾಕಿಡುವುದರಲ್ಲಿ. ನಮ್ಮಂಥವರ ದತ್ತಾಂಶಕ್ಕೆ ದೊಡ್ಡ ಅಪಾಯ ದೂರದ ಸರ್ವರ್‌ಗಿಂತ, ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವಾಗ ಹೆಗಲಿನಿಂದ ಮಾಯವಾಗುವ ಬ್ಯಾಗು. ಹೋಮ್ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ, 48 ಅಂಕಿಗಳ ಮರುಪ್ರಾಪ್ತಿ ಕೀಲಿ ಕಂಪನಿಯ ಬಳಿ ಉಳಿಯುತ್ತದೆ. ಆರಂಭದಿಂದಲೇ ಸ್ಥಳೀಯ ಖಾತೆ ಬಳಸುವವರ ಸ್ಥಿತಿ ವಿಚಿತ್ರ: ಡಿಸ್ಕ್ ಗೂಢಲಿಪಿಯಲ್ಲಿದ್ದರೂ ಕೀಲಿ ಅದರಲ್ಲೇ ಬಯಲಾಗಿ ಇರುತ್ತದೆ, ಗೂಢಲಿಪೀಕರಣ ಮುಗಿಸಲು ಖಾತೆಗೆ ಸೈನ್ ಇನ್ ಆಗಿ ಎಂದು ಸೆಟ್ಟಿಂಗ್ಸ್ ಹೇಳುತ್ತದೆ. ಅಂದರೆ ಖಾಸಗಿತನಕ್ಕಾಗಿ ಖಾತೆಯನ್ನು ಬಿಟ್ಟವನು ಕಳ್ಳನ ಎದುರು ನಿರಾಯುಧನಾಗುತ್ತಾನೆ. ನಾನು ಮೊದಲು ಖಾತೆಯಿಂದ ಬೀಗ ಹಾಕಿಸಿ ಆಮೇಲೆ ಸ್ಥಳೀಯ ಖಾತೆಗೆ ಬಂದಿದ್ದರಿಂದ ಬೀಗ ಉಳಿಯಿತು. ಕೀಲಿಯನ್ನು ನಕಲಿಸಿಟ್ಟುಕೊಂಡು ಕಂಪನಿಯ ಪುಟದಿಂದ ಅಳಿಸಬೇಕೆಂದಿದ್ದೆ. ಅಷ್ಟರಲ್ಲಿ ಮಿಂಟ್‌ನ ಪೆನ್‌ಡ್ರೈವ್ ಪರೀಕ್ಷಿಸಲು ಯಂತ್ರ ಶುರುವಾಗುವಾಗಿನ ಭದ್ರತಾ ತಪಾಸಣೆಯಾದ ಸೆಕ್ಯೂರ್ ಬೂಟ್ ನಿಲ್ಲಿಸಿ ಮತ್ತೆ ವಿಂಡೋಸ್‌ಗೆ ಬಂದರೆ, ನೀಲಿ ಪರದೆಯೊಂದು ಆ 48 ಅಂಕಿಗಳನ್ನು ಕೇಳಿತು. ನಕಲು ಎಲ್ಲಿತ್ತೆಂದರೆ, ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ. ಯಾವ ವ್ಯವಸ್ಥೆಯನ್ನು ಆಕ್ಷೇಪಿಸುತ್ತಿದ್ದೆನೋ ಅದೇ ನನ್ನನ್ನು ಕಾಪಾಡಿತು: ಮೊಬೈಲಿನಲ್ಲಿ ಖಾತೆಯ ಪುಟ ತೆರೆದು, ಅಂಕಿಗಳನ್ನು ಒಂದೊಂದಾಗಿ ಓದಿ ಒತ್ತಿದೆ.

ಮಿಂಟ್‌ನಲ್ಲಿ ಅಂಥ ರಕ್ಷಕರಿಲ್ಲ. ಅನುಸ್ಥಾಪನೆಯ ಸಮಯದಲ್ಲಿ ಸುಧಾರಿತ ಆಯ್ಕೆಗಳಿಗೆ ಹೋಗಿ ಗೂಢಲಿಪೀಕರಣ ಆರಿಸಿದರೆ ಲಕ್ಸ್ ಎಂಬ ವ್ಯವಸ್ಥೆ ಇಡೀ ಡಿಸ್ಕನ್ನು ಕಾಯುತ್ತದೆ, ಗುಪ್ತವಾಕ್ಯ ನಮ್ಮ ತಲೆಯಲ್ಲಿ ಮಾತ್ರ ಇರುತ್ತದೆ. ಬೂಟ್ ಆಗುವ ಆ ಹಂತದಲ್ಲಿ ಕನ್ನಡ ಕೀಲಿಮಣೆ ಇರುವುದಿಲ್ಲವಾದ್ದರಿಂದ, ಪರಸ್ಪರ ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡೆ. ಎರಡು ದಿನ ಯಂತ್ರ ಮುಟ್ಟದೆ ಮೂರನೆಯ ದಿನ ಕೂತಾಗ ಪದಗಳೆಲ್ಲ ನೆನಪಿದ್ದವು, ದೀರ್ಘಾಕ್ಷರಕ್ಕೆ ಒಂದು ‘ಎ’ ಹಾಕಿದ್ದೆನೋ ಎರಡೋ ಎಂಬುದು ಮರೆತಿತ್ತು. ಏಳನೆಯ ಪ್ರಯತ್ನದಲ್ಲಿ ಬಾಗಿಲು ತೆರೆಯಿತು. ಕನ್ನಡ ಪದಗಳನ್ನು ಗುಪ್ತವಾಕ್ಯವಾಗಿಸುವವರು ಕಾಗುಣಿತದ ನಿಯಮವನ್ನು ಮೊದಲೇ ನಿರ್ಧರಿಸಿಕೊಳ್ಳಲಿ.

ಕನ್ನಡ ಟೈಪಿಂಗ್ ವಿಷಯಕ್ಕೆ ಬಂದರೆ, ಇನ್‌ಸ್ಕ್ರಿಪ್ಟ್ ಬಲ್ಲವರಿಗೂ ಫೊನೆಟಿಕ್ ಬಯಸುವವರಿಗೂ ವಿಂಡೋಸ್‌ನಲ್ಲೇ ಕೀಲಿಮಣೆಗಳಿವೆ. ನಾನು ನುಡಿ ತಂತ್ರಾಂಶದಲ್ಲಿ ಕಲಿತವನು, ಕೆ.ಪಿ. ರಾವ್ ವಿನ್ಯಾಸಕ್ಕೆ, ಅಂದರೆ ಒತ್ತಕ್ಷರಕ್ಕೆ ‘ಎಫ್’ ಒತ್ತುವ ಅಭ್ಯಾಸಕ್ಕೆ, ಕೈ ಹೊಂದಿಕೊಂಡಿದೆ. ವಿಂಡೋಸ್‌ನಲ್ಲಿ ಅದಕ್ಕೆ ಪ್ರತ್ಯೇಕ ತಂತ್ರಾಂಶ ಬೇಕು. ಮಿಂಟ್‌ನಲ್ಲಿ ಕೀಲಿಮಣೆಗಳ ಪಟ್ಟಿಯಲ್ಲೇ ‘ಕಗಪ’ ಇದೆ, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಅದು ಬರಿಯ ಕೀಲಿನಕ್ಷೆ. ಮುಂದಿನ ಪದವನ್ನು ಊಹಿಸುವುದಿಲ್ಲ, ಊಹಿಸಲೆಂದು ಏನನ್ನೂ ಎಲ್ಲಿಗೂ ಕಳುಹಿಸುವುದಿಲ್ಲ. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರ ಸಂಕೇತಕ್ಕೂ ಮುಂಚಿನ ನುಡಿ, ಬರಹ ತಂತ್ರಾಂಶಗಳ ಕಡತಗಳನ್ನು ಪರಿವರ್ತಿಸಲು ಜಾಲತಾಣಗಳನ್ನು ಬಳಸುವವರು ಒಂದು ಸಣ್ಣ ಪರೀಕ್ಷೆ ಮಾಡಬಹುದು: ಪುಟವನ್ನು ತೆರೆದು, ವೈಫೈ ನಿಲ್ಲಿಸಿ, ಆಮೇಲೆ ಪರಿವರ್ತನೆಯ ಗುಂಡಿ ಒತ್ತಿರಿ. ಕೆಲಸವಾದರೆ ಪರಿವರ್ತನೆ ನಿಮ್ಮ ಯಂತ್ರದಲ್ಲೇ ನಡೆದಿದೆ. ಆಗದಿದ್ದರೆ ಆ ಪಠ್ಯವನ್ನು ಬೇರೊಬ್ಬರ ಕೈಗೆ ಕೊಡಬೇಕಾಗುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ತಯಾರಕರು ತುಂಬಿದ್ದ ಪ್ರಾಯೋಗಿಕ ಆ್ಯಂಟಿವೈರಸ್ ತೆಗೆದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ಆ್ಯಪ್‌ಗಳನ್ನು ನಿಲ್ಲಿಸಿದ ಮೇಲೆ ವಿಂಡೋಸ್ ಕೂಡ ಚುರುಕಾಗಿಯೇ ಓಡಿತು. ಬ್ಯಾಟರಿಯಲ್ಲಿ ಮಾತ್ರ ವಿಂಡೋಸ್ ಸ್ಪಷ್ಟವಾಗಿ ಮುಂದೆ: ನನ್ನ ಕೆಲಸಕ್ಕೆ ಸುಮಾರು ಏಳು ಗಂಟೆ ಬಂತು. ಮಿಂಟ್‌ನಲ್ಲಿ ಐದೂವರೆ, ಬ್ಯಾಟರಿ ಉಳಿಸುವ ಟಿಎಲ್‌ಪಿ ತಂತ್ರಾಂಶ ಹಾಕಿದ ಮೇಲೆ ಆರು ದಾಟಿತು. ಬೆರಳಚ್ಚು ಓದುವ ಸಾಧನ ಮಿಂಟ್‌ನಲ್ಲಿ ಎಚ್ಚರಗೊಳ್ಳಲೇ ಇಲ್ಲ. ಬ್ರೌಸರ್ ವಿಷಯದಲ್ಲಿ ಮೂರೂ ಒಂದೇ. ಫೈರ್‌ಫಾಕ್ಸ್‌ಗೆ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಸೇರಿಸಿದರೆ ಎಲ್ಲಿ ಕೂತರೂ ಅಷ್ಟೇ ರಕ್ಷಣೆ, ಸೇರಿಸದಿದ್ದರೆ ಮಿಂಟ್ ಹಾಕಿಕೊಂಡವರನ್ನೂ ಜಾಹೀರಾತುಗಳು ಹಿಂಬಾಲಿಸುತ್ತವೆ.

ನಾನು ಉಳಿಸಿಕೊಂಡದ್ದು ಮಿಂಟ್. ಅಲ್ಲಿ ಶ್ರಮವೆಲ್ಲ ಮೊದಲ ವಾರದಲ್ಲೇ ಮುಗಿಯುತ್ತದೆ. ವಿಂಡೋಸ್‌ನಲ್ಲಿ ಪ್ರತಿ ದೊಡ್ಡ ಅಪ್‌ಡೇಟ್ ಆದಮೇಲೆ ಹೊಸದಾಗಿ ಏನು ಸೇರಿದೆ, ಯಾವ ಸ್ವಿಚ್ಚು ಯಾವ ಸ್ಥಿತಿಯಲ್ಲಿದೆ ಎಂದು ಮತ್ತೆ ನೋಡುತ್ತಿರಬೇಕು. ವಿಂಡೋಸ್ ಪರವಾನಗಿಯ ಕೀಲಿ ಇಂದಿನ ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್‌ನಲ್ಲೇ ಇರುವುದರಿಂದ ಬೇಕೆಂದಾಗ ಮರಳಬಹುದು ಎಂಬ ಧೈರ್ಯವೂ ಇತ್ತು. ಲೆಕ್ಕಪತ್ರದ ಕೆಲಸ ಮಾಡುವ ನನ್ನ ತಂಗಿಗೆ ಮಾತ್ರ ಇದನ್ನು ಹೇಳಲಿಲ್ಲ. ಟ್ಯಾಲಿ ನೇರವಾಗಿ ಓಡುವುದು ವಿಂಡೋಸ್‌ನಲ್ಲಿ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ನೊಂದಿಗೆ ತಿಂಗಳ ಕೊನೆಯಲ್ಲಿ ಗುದ್ದಾಡುವಷ್ಟು ಬಿಡುವು ಅವಳಿಗಿಲ್ಲ. ಅವಳ ಯಂತ್ರಕ್ಕೆ ಎರಡನೆಯ ವಿಧವನ್ನೇ ಮಾಡಿಕೊಟ್ಟೆ. ಅವಳ 48 ಅಂಕಿಗಳನ್ನೂ ನನ್ನ ಐದು ಪದಗಳನ್ನೂ, ದೀರ್ಘಗಳ ಸಮೇತ, ಒಂದೇ ಹಾಳೆಯಲ್ಲಿ ಬರೆದು ಅಮ್ಮನ ಬೀರುವಿನಲ್ಲಿ ಪಹಣಿ ಪತ್ರಗಳ ಕೆಳಗೆ ಇಟ್ಟಿದ್ದೇವೆ.